ನಾಯಿಗೆ ಎರಡು ಪುಟ

ಗಿರಿಜಕ್ಕ ಓದಿ ಮುಗಿಸಿದ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಡುತ್ತಿರಲಿಲ್ಲ, ಬಡಿಯುತ್ತಿದ್ದರು. ಬಡಿದ ಸದ್ದಿನಲ್ಲೇ ಪುಸ್ತಕದ ಹಣೆಬರಹ ಗೊತ್ತಾಗುತ್ತಿತ್ತು. ಸಣ್ಣಗೆ ಬಡಿದರೆ ಪರವಾಗಿಲ್ಲ ಎಂದು ಅರ್ಥ. ಕಪಾಟು ಅಲುಗುವ ಹಾಗೆ ಬಡಿದರೆ, ಬರೆದವನು ಅವತ್ತು ಉಡುಪಿಯಲ್ಲಿ ಇಲ್ಲದ್ದು ಅವನ ಪುಣ್ಯ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಉಡುಪಿಯ ಬನ್ನಂಜೆಯ ಒಂದು ಕೋಣೆಯಲ್ಲಿ ನಾನು ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಲೈಬ್ರರಿ ನಡೆಸುತ್ತಿದ್ದೆ. ಗಿರಿಜಕ್ಕ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಆಯಾ. ಡ್ಯೂಟಿ ಮುಗಿಸಿ ಕಾಪುವಿಗೆ ಹೋಗುವ ಬಸ್ಸು ಹತ್ತುವ ಮೊದಲು ನನ್ನಲ್ಲಿಗೆ ಬರುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಕಾದಂಬರಿ. ನಾನು ಬಾಗಲಕೋಟೆ ಕಡೆಯವನು, ತುಳು ಬಾರದು. ಹಾಗಾಗಿ ನನ್ನೆದುರು ಲೇಖಕರನ್ನು ಕನ್ನಡದಲ್ಲೇ ಬೈಯುತ್ತಿದ್ದರು, ಒಂದಕ್ಷರ ನುಂಗದೆ.

ಬೈದು ಮುಗಿಯದ್ದನ್ನು ಬರೆಯುತ್ತಿದ್ದರು. ಪುಸ್ತಕದ ಹಿಂದಿನ ರಟ್ಟಿನ ಒಳಬದಿಗೆ ತಾರೀಖಿನ ಕಾರ್ಡು ಇಡಲು ಒಂದು ಕಾಗದದ ಜೇಬು ಅಂಟಿಸಿರುತ್ತೇವಲ್ಲ, ಅದರೊಳಗೆ ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ ಹಾಕಿಡುತ್ತಿದ್ದರು. ನಾನು ಹೇಳಿ ಮಾಡಿಸಿದ್ದಲ್ಲ ಅದು. ಆದರೆ ವರ್ಷ ಕಳೆಯುವುದರೊಳಗೆ ಲೈಬ್ರರಿಗೆ ಬರುವವರೆಲ್ಲ ಮುನ್ನುಡಿ ಬಿಟ್ಟು ಮೊದಲು ಹಿಂದಿನ ರಟ್ಟು ತೆರೆಯತೊಡಗಿದರು. "ಗಿರಿಜಕ್ಕನ ಚೀಟಿ ಉಂಟಾ?" ಎಂದು ಕೇಳಿಯೇ ಪುಸ್ತಕ ಒಯ್ಯುವವರಿದ್ದರು.

ಊರೆಲ್ಲ ಕಣ್ಣೀರು ಹಾಕಿಕೊಂಡು ಓದಿದ ಒಂದು ಕಾದಂಬರಿಯ ಬಗ್ಗೆ ಅವರು ಬರೆದಿದ್ದರು: "ಇದರಲ್ಲಿ ಹೆಂಗಸು ಹನ್ನೊಂದು ಸಲ ಅಳುತ್ತಾಳೆ. ಒಂದು ಸಲವೂ ಊಟ ಮಾಡುವುದಿಲ್ಲ. ಹೊಟ್ಟೆಗಿಲ್ಲದೆ ಇಷ್ಟು ಅಳಲಿಕ್ಕೆ ಯಾರಿಂದ ಆಗುತ್ತದೆ?" ಇನ್ನೊಂದರಲ್ಲಿ ನಾಯಕ ಸಾಯುವ ಮುಂಚೆ ನಾಲ್ಕು ಪುಟ ಮಾತಾಡುತ್ತಾನೆ. ಅದನ್ನು ನನ್ನ ಮೂಗಿನ ಕೆಳಗೆ ಹಿಡಿದು ಜಗಳಕ್ಕೇ ಬಂದರು.

"ಎಂತ ಮಾರಾಯ್ರೆ ಇದು? ಇಪ್ಪತ್ತು ವರ್ಷದಿಂದ ವಾರ್ಡಿನಲ್ಲಿ ಇದ್ದೇನೆ ನಾನು. ಸಾಯುವವ ಭಾಷಣ ಮಾಡುವುದಿಲ್ಲ. ನೀರು ಕೇಳ್ತಾನೆ. ಇಲ್ಲಾಂದ್ರೆ ಅವನ ಅಮ್ಮನನ್ನು ಕರೀತಾನೆ. ಇವರು ಒಬ್ಬ ಸಾಯುವವನ ಹತ್ತಿರವಾದ್ರೂ ಕೂತಿದ್ದಾರಾ?"

"ಅದು ಸಾಹಿತ್ಯರೀ ಗಿರಿಜಕ್ಕ, ಸ್ವಲ್ಪ ಹೆಚ್ಚುಕಮ್ಮಿ ಇರ್ತೈತಿ" ಎಂದೆ.

"ಇರಲಿ. ಕಾದಂಬರಿಯಲ್ಲಿ ಸುಳ್ಳು ಹೇಳಲಿ, ಅದು ಅವರ ಕೆಲಸ. ಆದ್ರೆ ನನ್ನ ಜೀವನ ಬರೀತೇನೆ ಅಂತ ಹೇಳಿ ಸುಳ್ಳು ಬರೆದ್ರೆ ಉಂಟಲ್ಲ, ಆಗ ನನಗೆ ಮೈಯೆಲ್ಲ ಉರೀತದೆ."

ಆತ್ಮಕಥೆಗಳೆಂದರೆ ಪೊಲೀಸರ ಹಾಗೆ ಓದುವವರು ಅವರು. ಅವರಿಂದ ಪಾಸಾದದ್ದು ನನಗೆ ನೆನಪಿರುವ ಹಾಗೆ ಒಂದೇ ಒಂದು, ಯಾರೋ ನಿವೃತ್ತ ಪೋಸ್ಟ್‌ಮ್ಯಾನ್ ಬರೆದ ತೆಳ್ಳನೆಯ ಪುಸ್ತಕ. "ಇವರು ತಮ್ಮ ತಪ್ಪುಗಳನ್ನೂ ಬರೆದಿದ್ದಾರೆ. ಓದಬಹುದು" ಎಂದಿತ್ತು ಚೀಟಿಯಲ್ಲಿ.

ಆಮೇಲೆ ಕಾರ್ಕಳದ ಪ್ರಿನ್ಸಿಪಾಲರೊಬ್ಬರ ಆತ್ಮಕಥೆ ಬಂತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಪುಸ್ತಕದಲ್ಲಿ ಎಷ್ಟೋ ಸಲ ಅಚ್ಚಾಗಿದೆ, ಅಷ್ಟು ಸಾಕು. ಬಿಡುಗಡೆಯಾದ ವಾರವೇ ಒಂದು ಪ್ರತಿ ತರಿಸಿದೆ. ಗಿರಿಜಕ್ಕ ಮೊದಲು ಒಯ್ದರು. ಮೂರನೆಯ ದಿನ ತಂದರು. ಅವತ್ತು ಬಡಿಯಲಿಲ್ಲ. ಮಗುವನ್ನು ಮಲಗಿಸುವ ಹಾಗೆ ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ನನಗೆ ಹೆದರಿಕೆಯಾಯಿತು.

"ನನ್ನ ಅಕ್ಕ ಇವರ ಮನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸಕ್ಕೆ ಇದ್ದಳು" ಎಂದರು. "ಅವರ ಹೆಂಡತಿ ತೀರಿಹೋದಾಗ ಚಿಕ್ಕ ಮಗುವಿಗೆ ಎಂಟು ತಿಂಗಳು. ಮೂರು ಮಕ್ಕಳನ್ನೂ ಅವಳೇ ಸಾಕಿದ್ದು. ಅವಳಿಗೆ ಓದಲಿಕ್ಕೆ ಬರುವುದಿಲ್ಲ. ಸಾರ್ ಪುಸ್ತಕ ಬರೆದಿದ್ದಾರೆ ಅಂತ ಗೊತ್ತಾದಾಗಿನಿಂದ ಒಂದೇ ಪ್ರಶ್ನೆ, ನನ್ನ ವಿಷಯ ಬಂದಿದೆಯಾ ಅಂತ. ಎಂತ ಹೇಳುವುದು ನಾನು ಅವಳಿಗೆ? ನೀವೇ ಹೇಳಿ."

ಅವರು ಹೋದ ಮೇಲೆ ಚೀಟಿ ತೆಗೆದು ನೋಡಿದೆ. ಅದು ಇವತ್ತಿಗೂ ನನಗೆ ಬಾಯಿಪಾಠ.

"ಅವಳ ಹೆಸರು ಲೀಲಾ. ಹೆಂಡತಿ ಹೋದ ಮೇಲೆ ಮಕ್ಕಳನ್ನು ತಾನೊಬ್ಬನೇ ಬೆಳೆಸಿದೆ ಎಂದು ಇವರು ಬರೆದಿದ್ದಾರೆ. ಬೆಳೆಸಿದ್ದು ನನ್ನ ಅಕ್ಕ. ಈ ಪುಸ್ತಕದಲ್ಲಿ ಮನೆಯ ನಾಯಿಗೆ ಎರಡು ಪುಟ ಉಂಟು. ಲೀಲಾಳಿಗೆ ಒಂದು ಸಾಲು ಇಲ್ಲ."

ಪುಸ್ತಕ ತೆರೆದು ನೋಡಿದೆ. ನಿಜ. ನಾಯಿಯ ಹೆಸರು ಟೈಗರ್, ಅದು ಸತ್ತಾಗ ಪ್ರಿನ್ಸಿಪಾಲರು ಎರಡು ದಿನ ಊಟ ಬಿಟ್ಟರಂತೆ. ಬಿಟ್ಟ ಆ ಊಟ ಬೇಯಿಸಿದವರು ಯಾರು ಎಂದು ಕೇಳಬೇಕಿತ್ತು ಅವರನ್ನು!

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬರೆಯಲು ಕೈ ಬಾರದು, ಆದರೂ ಬರೆಯಬೇಕು. ನನ್ನ ಲೈಬ್ರರಿ ಇದ್ದ ಕೋಣೆ ಆ ಪ್ರಿನ್ಸಿಪಾಲರ ಅಳಿಯನದು. ಚೀಟಿಯ ಸುದ್ದಿ ಅಳಿಯನ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ಬಂದರು. ಕೂಗಾಡಲಿಲ್ಲ, ನಗುತ್ತಲೇ ಮಾತಾಡಿದರು. "ಇದೆಲ್ಲ ಯಾಕೆ ಬೇಕು ನಿಮಗೆ? ಮಾವನಿಗೆ ವಯಸ್ಸಾಗಿದೆ. ಕೋಣೆ ಬೇಕು ಅಂತ ಬೇರೆಯವರೂ ಕೇಳ್ತಾ ಇದ್ದಾರೆ, ಅಲ್ವಾ?" ಎಂದರು. ಅವರೆದುರಿಗೇ ಚೀಟಿ ತೆಗೆದು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಹರಿದು ಹಾಕಿ ಎಂದು ಅವರು ಬಾಯಿಬಿಟ್ಟು ಹೇಳಿರಲೂ ಇಲ್ಲ! ಥೂ, ಈಗ ನೆನೆದರೂ ನನ್ನ ಕೈಯ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುವಾರ ಗಿರಿಜಕ್ಕ ಬಂದವರೇ ಆ ಪುಸ್ತಕದ ಹಿಂದಿನ ರಟ್ಟು ತೆರೆದರು.

"ನನ್ನ ಚೀಟಿ ಎಲ್ಲಿ?"

"ಎಲ್ಲೋ ಬಿದ್ದು ಹೋಗಿರಬೇಕ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ಸುಳ್ಳು ಹೇಳ್ಲಿಕ್ಕೂ ಬರುವುದಿಲ್ಲ ನಿಮಗೆ. ಇಷ್ಟು ಪುಸ್ತಕ ಇಟ್ಟುಕೊಂಡು ಎಂತ ಪ್ರಯೋಜನ ಮಾರಾಯ್ರೆ?" ಎಂದು ಪುಸ್ತಕವನ್ನು ಚೀಲಕ್ಕೆ ತುರುಕಿದರು. "ಇದು ನನ್ನ ಹತ್ತಿರ ಇರಲಿ. ಇಲ್ಲಿದ್ರೆ ಇನ್ನೂ ಎಂತೆಲ್ಲ ಬಿದ್ದು ಹೋಗ್ತದೋ!"

ಮತ್ತೆ ಬರಲಿಲ್ಲ. ಮಣಿಪಾಲದಿಂದ ಬರುವ ಬಸ್ಸುಗಳನ್ನು ನೋಡುತ್ತ ನಾನು ಬಾಗಿಲಲ್ಲಿ ನಿಂತದ್ದೇ ಬಂತು. ಹೊಸ ಕಾದಂಬರಿಗಳು ಬಂದವು, ಹೊಸ ಆತ್ಮಕಥೆಗಳು ಬಂದವು. ಓದುಗರು ಹಿಂದಿನ ರಟ್ಟು ತೆರೆದು, ಖಾಲಿ ಜೇಬಿಗೆ ಬೆರಳು ಹಾಕಿ, ಪುಸ್ತಕವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ ಆಸ್ಪತ್ರೆಯ ನರ್ಸೊಬ್ಬರು ಗಿರಿಜಕ್ಕ ತೀರಿಕೊಂಡ ಸುದ್ದಿ ಹೇಳಿದರು. ತಾವು ದುಡಿದ ವಾರ್ಡಿನಲ್ಲೇ ಹೋದರಂತೆ. ಕಡೆಯಲ್ಲಿ ಏನಾದರೂ ಹೇಳಿದರಾ ಎಂದು ಕೇಳಲು ಹೋದವನು, ಸಾಯುವವ ಭಾಷಣ ಮಾಡುವುದಿಲ್ಲ ಎಂದ ಅವರ ಮಾತು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಆ ಭಾನುವಾರ ಕಾಪುವಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯಲ್ಲಿ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದರು. ಲೀಲಕ್ಕ.

"ನೀವು ಲೈಬ್ರರಿಯವರಾ? ಗಿರಿಜ ನಿಮಗೆ ದಿನಾ ಬೈತಿದ್ದಳು" ಎಂದು ನಕ್ಕರು. ಚಾ ಕೊಟ್ಟರು. ತಂಗಿಯ ಕಾಯಿಲೆಯ ಬಗ್ಗೆ ಹೇಳಿದರು, ಕಣ್ಣೊರೆಸಿಕೊಂಡರು. ಮತ್ತೆ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಆ ಪುಸ್ತಕ ತಂದರು.

"ಸಾರ್ ಎಷ್ಟು ಚಂದ ಬರೆದಿದ್ದಾರೆ ನನ್ನ ಬಗ್ಗೆ! ಚಿಕ್ಕವನಿಗೆ ಟೈಫಾಯ್ಡ್ ಆದಾಗ ನಾನು ಇಪ್ಪತ್ತು ದಿನ ಅವನ ತಲೆ ಹತ್ತಿರ ಕೂತದ್ದು, ಗಂಜಿಯ ತಿಳಿ ಕುಡಿಸಿದ್ದು, ಶಾಲೆಗೆ ಹೋಗುವುದಿಲ್ಲ ಅಂತ ದೊಡ್ಡವಳು ನನ್ನ ಸೀರೆ ಹಿಡಿದು ಅತ್ತದ್ದು, ಎಲ್ಲ ಉಂಟು. ದೊಡ್ಡ ಮನಸ್ಸು ಅವರದ್ದು. ಗಿರಿಜ ವಾರಕ್ಕೊಮ್ಮೆಯಾದರೂ ಓದಿ ಹೇಳ್ತಿದ್ದಳು. ಈಗ ಓದುವವರು ಯಾರೂ ಇಲ್ಲ. ಒಮ್ಮೆ ಓದ್ತೀರಾ?"

ದೊಡ್ಡ ಮನಸ್ಸಂತೆ! ಅವರ ಕೈಯಿಂದ ಆ ಪುಸ್ತಕ ಕಿತ್ತುಕೊಂಡು ಬಾವಿಗೆ ಎಸೆಯಬೇಕು ಅನಿಸಿತು. ಆತ್ಮಕಥೆಯ ಒಂದು ಸುಳ್ಳನ್ನೂ ಕ್ಷಮಿಸದ ಹೆಂಗಸು, ಬರೆಯದ ಪುಟವೊಂದನ್ನು ಎರಡು ವರ್ಷ ಬಾಯಲ್ಲಿ ಓದಿದ್ದಾಳೆ. ಅದರ ಪುಣ್ಯವೆಲ್ಲ ಆ ಮನುಷ್ಯನ ಖಾತೆಗೆ ಹೋಗಿ ಕೂತಿದೆ.

ಗುರುತಿಗೆ ಒಂದು ಹಳೆಯ ಬಸ್ ಟಿಕೆಟ್ ಇತ್ತು. ಆ ಪುಟ ತೆರೆದೆ. ಅದರಲ್ಲಿ ಟೈಗರ್ ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, ಲೀಲಕ್ಕ ಆಗಷ್ಟೇ ಹೇಳಿದ ಟೈಫಾಯ್ಡು, ಗಂಜಿಯ ತಿಳಿ, ಸೀರೆಯ ಸೆರಗು ಎಲ್ಲವನ್ನೂ ಪುಸ್ತಕದ ಕನ್ನಡದಲ್ಲಿ ಒಂದೊಂದಾಗಿ ಹೇಳುತ್ತಾ ಹೋದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿಸಿದೆ.

"ನೀವು ಒಂದು ಸಾಲು ಬಿಟ್ಟಿರಿ" ಎಂದರು ಲೀಲಕ್ಕ. "ಶುರುವಿಗೇ ಉಂಟಲ್ಲ, 'ಅವಳ ಹೆಸರು ಲೀಲಾ' ಅಂತ. ಗಿರಿಜ ಯಾವಾಗಲೂ ಅಲ್ಲಿಂದಲೇ ಓದುತ್ತಿದ್ದದ್ದು."

ನಾನು ನಾಯಿಯ ಪುಟವನ್ನು ಮತ್ತೆ ಎದುರಿಗೆ ಹಿಡಿದು, ಮೊದಲಿನಿಂದ ಓದಿದೆ.