ಸತ್ತ ಮೇಲೆ ಗೆದ್ದ ವಾದ

ನನ್ನ ತಮ್ಮ ತೀರಿಕೊಂಡ ವಾರದಲ್ಲೇ, ಅವನು ಸೋಲುತ್ತಿದ್ದ ಒಂದು ವಾದದಲ್ಲಿ ಅವನ ಫೋನಿನ ಗ್ರೂಪಿನವರೆಲ್ಲ ಸೇರಿ ಅವನನ್ನು ಗೆಲ್ಲಿಸಿಬಿಟ್ಟರು. ಆ ಗೆಲುವನ್ನು ನಾನು ನಂಬಲಿಲ್ಲ.

ಅವನು ನಾಯಂಡಹಳ್ಳಿಯಲ್ಲಿ ಮೋಟಾರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಮದುವೆ ಮಾಡಿಕೊಳ್ಳಲಿಲ್ಲ. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಮತ್ತು ನಮ್ಮನೆಯವರ ಜೊತೆಗೇ ಇದ್ದ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಮುಗಿಸದೆ ಬಿಟ್ಟವನು. ನಾನು ಹತ್ತನೆಯ ಕ್ಲಾಸಿಗೆ ನಿಂತವಳು. ಹಾಗಾಗಿ ಮನೆಯಲ್ಲಿ ಅವನ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರೂ ಇರಲಿಲ್ಲ. ಆದರೂ ಕೇಳುತ್ತಿದ್ದ.

"ಅಕ್ಕಾ, ನಿನಗೆ ಕಾಣೋ ಕೆಂಪು, ನನಗೆ ಕಾಣೋ ಕೆಂಪು ಎರಡೂ ಒಂದೇ ಅಂತ ಹೆಂಗೆ ಹೇಳ್ತೀಯ?"

"ಹಣ್ಣಾಗಿರೋ ಟೊಮೇಟೊ ತಾ ಅಂದ್ರೆ ಕಾಯಿ ತರ್ತೀಯಲ್ಲ, ಒಂದೇ ಅಲ್ಲ ಅಂತ ಅದ್ರಲ್ಲೇ ಗೊತ್ತಾಗುತ್ತೆ."

ಇಂಥದ್ದನ್ನೆಲ್ಲ ಅವನು ಆ ಗ್ರೂಪಿನಲ್ಲಿ ಬರೆಯುತ್ತಿದ್ದ. ವಿಜ್ಞಾನ, ಗಣಿತ, ತತ್ವಜ್ಞಾನ ಎಂದು ಹೆಸರಿಟ್ಟುಕೊಂಡು ಒಬ್ಬರನ್ನೊಬ್ಬರು ಕಾಣದ ಜನ ಸೇರಿಕೊಂಡ ಗ್ರೂಪು ಅದು. ಅದನ್ನು ನಡೆಸುತ್ತಿದ್ದವರು ಬಸವೇಶ್ವರನಗರದ ಒಬ್ಬ ನಿವೃತ್ತ ಮೇಷ್ಟ್ರು. ಸೊನ್ನೆ ಸಮಸಂಖ್ಯೆಯೋ ಅಲ್ಲವೋ, ನಾವು ಮಾಡುವುದೆಲ್ಲ ಮೊದಲೇ ನಿಗದಿಯಾಗಿದೆಯೋ ಇಲ್ಲವೋ, ಹೀಗೆ ದಿನಗಟ್ಟಲೆ ಎಳೆದಾಡುತ್ತಿದ್ದರು. ಅವನು ಊಟಕ್ಕೆ ಕೂತು ಒಂದೊಂದನ್ನೂ ಓದಿ ಹೇಳುತ್ತಿದ್ದ. ಅವನನ್ನು ಅಂದದ್ದನ್ನೂ ಓದಿ ಹೇಳುತ್ತಿದ್ದ. "ಸಾರ್, ಮೊದಲು ಹೈಸ್ಕೂಲ್ ಪುಸ್ತಕ ತೆಗೆದು ನೋಡಿ." "ಇದನ್ನು ಓದಿ ನ್ಯೂಟನ್ ಎದ್ದು ಬಂದಾರು." ಕೆಳಗೆ ಹಲ್ಲು ಕಿಸಿಯುವ ಹಳದಿ ಮುಖಗಳ ಸಾಲು.

"ನಿನ್ನನ್ನ ಇಟ್ಕೊಂಡು ಆಟ ಆಡಿಸ್ತಿದಾರೆ ಕಣೋ," ಎನ್ನುತ್ತಿದ್ದೆ.

"ಆಡಿಸ್ಲಿ ಬಿಡೇ. ನಾನೂ ಆಡಿಸ್ತಾ ಇದೀನಲ್ಲ."

ಅವನು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಅಷ್ಟು ಓದಿಕೊಂಡವರು ಇವನನ್ನು ನಿಜವಾಗಿ ಲೆಕ್ಕಕ್ಕೆ ಇಟ್ಟುಕೊಂಡಿದ್ದಾರೋ, ಇಲ್ಲ ಪುಕ್ಕಟೆ ಮನರಂಜನೆಗೆ ಇಟ್ಟುಕೊಂಡಿದ್ದಾರೋ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು.

ಕಡೆಯ ವಾದ ಮಳೆಯದು. ಅವನು ಸಂಜೆ ವಿಜಯನಗರದ ಮೆಟ್ರೋ ಇಳಿದು ಮನೆಗೆ ನಡೆದು ಬರುತ್ತಿದ್ದ. ಮಳೆ ಬಂದರೆ ಜನ ಸ್ಟೇಷನ್ನಿನ ಕೆಳಗೆ ನಿಲ್ಲುತ್ತಾರೆ, ಇಲ್ಲ ತಲೆಯ ಮೇಲೆ ಬ್ಯಾಗು ಹಿಡಿದು ಓಡುತ್ತಾರೆ. ಇವನು ಆರಾಮಾಗಿ ನಡೆದು ಬಂದು ಬಾಗಿಲಲ್ಲಿ ನೀರು ಸುರಿಸುತ್ತಾ ನಿಲ್ಲುತ್ತಿದ್ದ. "ಓಡಿ ಬರೋಕೇನು ದಾಡಿ?" ಎಂದು ನಾನು ಟವೆಲ್ ಎಸೆದರೆ, "ಓಡಿದ್ರೂ ಇಷ್ಟೇ ಕಣೇ. ಓಡಿದ್ರೆ ಎದುರಿಗಿರೋ ಹನಿಗಳಿಗೆ ನಾವೇ ಹೋಗಿ ಡಿಕ್ಕಿ ಹೊಡೀತೀವಿ," ಎನ್ನುತ್ತಿದ್ದ. ಅದನ್ನೇ ಗ್ರೂಪಿನಲ್ಲಿ ಹಾಕಿದ. ಎಲ್ಲರೂ ಮುಗಿಬಿದ್ದರು. ಹೆಚ್ಚು ಜೋರಾಗಿ ಬಿದ್ದವನು ಕೆಂಗೇರಿಯ ಒಬ್ಬ ಹುಡುಗ. ಯಾವುದೋ ಕಾಲೇಜಿನ ಲ್ಯಾಬಿನಲ್ಲಿ ಅಸಿಸ್ಟೆಂಟ್ ಅಂತೆ, ಗದಗದ ಕಡೆಯವನಂತೆ. ಅವನ ಬಗ್ಗೆ ಗೊತ್ತಿದ್ದದ್ದು ಇಷ್ಟೇ. ನನ್ನ ತಮ್ಮ ಅವನನ್ನು 'ಕೆಂಗೇರಿಯವನು' ಎಂದೇ ಕರೆಯುತ್ತಿದ್ದ.

ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದೆ ಇಟ್ಟುಕೊಂಡು ಸುಮ್ಮನೆ ಕೂತಿದ್ದ.

"ಕೆಂಗೇರಿಯವನು ಸಿಕ್ಕಿಸಿಬಿಟ್ಟ ಕಣೇ," ಅಂದ.

"ಏನಂತೆ?"

"ನಿಧಾನಕ್ಕೆ ನಡೆದ್ರೂ ನಷ್ಟ ಇಲ್ಲ ಅನ್ನೋದಾದ್ರೆ, ರಸ್ತೆ ಮಧ್ಯ ಸುಮ್ನೆ ನಿಂತ್ಕೊಂಡ್ಬಿಟ್ರೂ ನಷ್ಟ ಇಲ್ವಾ ಅಂತ ಕೇಳ್ತಾನೆ."

"ಸರಿಯಾಗೇ ಕೇಳಿದಾನೆ."

"ನೀನೂ ಆ ಕಡೆ ಸೇರ್ಕೊಂಡ್ಯಾ? ಸರಿ, ಇರು. ಯೋಚನೆ ಮಾಡಿ ಉತ್ತರ ಕೊಡ್ತೀನಿ."

ಆವತ್ತು ಮಧ್ಯಾಹ್ನ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತನಂತೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಇರಲಿಲ್ಲ.

ಮನೆಗೆ ಬಂದವರೆಲ್ಲ ಅವನನ್ನು ಹೊಗಳಿದರು. ಬದುಕಿದ್ದಾಗ ಅವನನ್ನು 'ಅರೆಹುಚ್ಚ' ಎನ್ನುತ್ತಿದ್ದ ನಮ್ಮ ಚಿಕ್ಕಮ್ಮ "ಬಂಗಾರದಂಥ ಹುಡುಗ, ಎಷ್ಟು ಬುದ್ಧಿ" ಎಂದು ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು. ನೆಂಟರ ಮಾತು ಹೀಗೆಯೇ ಇರುತ್ತದೆ ಎಂದು ಗೊತ್ತಿತ್ತು.

ಅವನ ಫೋನು ನನ್ನ ಹತ್ತಿರ ಉಳಿಯಿತು. ಅಂಗಡಿಯ ಮಾಲೀಕರು ಯಾರಿಗೋ ಹೇಳಿ, ಗ್ರೂಪಿನಲ್ಲೂ ಸುದ್ದಿ ಹೋಗಿತ್ತು. ಕೈಮುಗಿದ ಚಿತ್ರಗಳು, 'ಓಂ ಶಾಂತಿ'ಗಳು ಬಂದವು. ಅದೂ ಸರಿ. ಆಮೇಲೆ ಒಬ್ಬರು ಬರೆದರು, "ಆಳವಾಗಿ ಯೋಚಿಸಿದರೆ ಮಳೆಯ ವಿಷಯದಲ್ಲಿ ಸಾರ್ ಹೇಳಿದ್ದೇ ಸರಿ." ಇನ್ನೊಬ್ಬರು, "ಹೌದು, ನಾವು ಅರ್ಥ ಮಾಡಿಕೊಳ್ಳಲಿಲ್ಲ." ನ್ಯೂಟನ್ ಎದ್ದು ಬರುತ್ತಾನೆ ಎಂದು ಬರೆದಿದ್ದವರೇ "ಅವರದ್ದು ಅಪರೂಪದ ಒಳನೋಟ" ಎಂದು ಬರೆದರು. ಕೊನೆಗೆ ಮೇಷ್ಟ್ರು ಒಂದು ಮೆಸೇಜು ಹಾಕಿ, ಗ್ರೂಪು ತೆರೆದ ಕೂಡಲೇ ಎಲ್ಲಕ್ಕಿಂತ ಮೇಲೆ ಕಾಣುವ ಹಾಗೆ ಅದನ್ನು ಅಂಟಿಸಿದರು.

"ನಮ್ಮ ಆತ್ಮೀಯ ಸದಸ್ಯರ ಅಕಾಲಿಕ ನಿಧನದ ಹಿನ್ನೆಲೆಯಲ್ಲಿ, ಮಳೆಯ ಚರ್ಚೆಯನ್ನು ಅವರ ಪರವಾಗಿ ಮುಕ್ತಾಯಗೊಳಿಸಲಾಗಿದೆ. ಓಡಿದರೂ ನಡೆದರೂ ಒದ್ದೆಯಾಗುವುದು ಒಂದೇ. ಇದೇ ನಾವು ಅವರಿಗೆ ಸಲ್ಲಿಸುವ ಶ್ರದ್ಧಾಂಜಲಿ."

ನಾನು ಅದನ್ನು ನಮ್ಮನೆಯವರಿಗೆ ತೋರಿಸಿದೆ.

"ಒಳ್ಳೇ ಮನಸ್ಸಿಂದ ಮಾಡಿದಾರೆ ಬಿಡೇ," ಅಂದರು.

"ಹೋದ ಸೋಮವಾರ ತಪ್ಪಾಗಿದ್ದು ಈ ಸೋಮವಾರ ಹೆಂಗ್ರೀ ಸರಿಯಾಗುತ್ತೆ? ಮಳೆ ಬದಲಾಯ್ತಾ?"

"ಸತ್ತೋರ ಹತ್ರ ಯಾರಾದ್ರೂ ವಾದ ಮಾಡ್ತಾರಾ?"

ಅದೇ ನನ್ನನ್ನು ಕೊರೆಯಿತು. ಚಿಕ್ಕ ಮಕ್ಕಳ ಜೊತೆ ಆಡುವಾಗ ದೊಡ್ಡವರು ಬೇಕೆಂದೇ ಸೋಲುತ್ತಾರೆ. ಇಷ್ಟು ಸಲೀಸಾಗಿ ಬಿಟ್ಟುಕೊಡುವ ಜನ ಮೊದಲಾದರೂ ಇವನ ಜೊತೆ ನಿಜವಾಗಿ ಆಡಿದ್ದರೇ? ಮಧ್ಯಾಹ್ನ ಕೆಲಸ ಮುಗಿದ ಮೇಲೆ ಕಿಟಕಿಯ ಹತ್ತಿರ ಕೂತು ಹಳೆಯ ಮೆಸೇಜುಗಳನ್ನು ಮೇಲೆ ಮೇಲೆ ತಳ್ಳುತ್ತಾ ಓದಿದೆ. ಅರ್ಧ ಅರ್ಥವಾಗಲಿಲ್ಲ. ಯಾವ 'ಸಾರ್' ಮರ್ಯಾದೆಯದು, ಯಾವ 'ಸಾರ್' ಗೇಲಿಯದು ಎಂದು ಅಕ್ಷರ ನೋಡಿ ಹೇಳುವುದು ಹೇಗೆ? ಎದುರಿಗಿದ್ದರೆ ಮುಖ ನೋಡಬಹುದಿತ್ತು.

ಕೆಂಗೇರಿಯವನು ಮಾತ್ರ ಏನನ್ನೂ ಬರೆದಿರಲಿಲ್ಲ. ಕೈಮುಗಿದ ಚಿತ್ರ ಕೂಡ ಇಲ್ಲ. 'ನಿಂತ್ಕೊಂಡ್ಬಿಟ್ರೂ ನಷ್ಟ ಇಲ್ವಾ' ಎಂದು ಕೇಳಿದ್ದೇ ಅವನ ಕೊನೆಯ ಮಾತು. ನನ್ನ ಅನುಮಾನವೆಲ್ಲ ಅವನ ಮೇಲೆ ತಿರುಗಿತು. ಎಲ್ಲರಿಗಿಂತ ಹೆಚ್ಚು ಆಡಿಸಿದವನು ಅವನೇ. ಈಗ ಮುಖ ಇಲ್ಲದೆ ಅಡಗಿದ್ದಾನೆ ಅಂದುಕೊಂಡೆ. ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಅವನಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಎತ್ತಲಿಲ್ಲ. ಅನುಮಾನ ಗಟ್ಟಿಯಾಯಿತು. ಮೂರನೆಯ ಸಲ ಎತ್ತಿದ.

"ಯಾ... ಯಾರ್ರಿ?"

ದನಿ ನಡುಗುತ್ತಿತ್ತು. ಆಗ ನನಗೆ ಹೊಳೆಯಿತು. ನಾನು ಮಾಡಿದ್ದು ತಮ್ಮನ ಫೋನಿನಿಂದ, ಅವನಿಗೆ ಕಾಣಿಸಿದ್ದು ನನ್ನ ತಮ್ಮನ ಹೆಸರು.

"ಹೆದರ್ಕೋಬೇಡಪ್ಪಾ. ನಾನು ಅವರ ಅಕ್ಕ."

"ಅಯ್ಯೋ ಅಕ್ಕಾರ... ನನ್ನ ಜೀವಾನ ಹೋಗಿತ್ತು ನೋಡ್ರಿ."

"ಒಂದು ಮಾತು ಕೇಳ್ಬೇಕಿತ್ತು. ಎಲ್ಲಾರೂ ಅವನು ಹೇಳಿದ್ದು ಸರಿ ಅಂತ ಬರೆದ್ರು. ನೀನು ಯಾಕೆ ಬರೀಲಿಲ್ಲ?"

ಅವನ ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

"ಸರಿ ಇಲ್ಲಲ್ರಿ ಅಕ್ಕಾರ, ಹೆಂಗ ಬರೀಲಿ? ತಪ್ಪು ಅಂತ ಬರದ್ರ ಇವನಿಗೆ ಕರುಳ ಇಲ್ಲ ಅಂತಾರ. ಅದಕ್ಕ ಬಾಯಿ ಮುಚ್ಕೊಂಡು ಕುಂತೀನ್ರಿ."

"ತಪ್ಪು ಅಂತ ನಿನಗೆ ಹೆಂಗೆ ಗೊತ್ತು? ಪುಸ್ತಕದಲ್ಲಿ ಓದಿದ್ಯಾ?"

"ಇಲ್ರಿ, ಮಾಡಿ ನೋಡೀನಿ. ಅವರು ಆ ಡಿಕ್ಕಿ ಮಾತು ಹೇಳಿದ್ಮ್ಯಾಲ ನನಗ ಎರಡು ದಿನ ನಿದ್ದಿ ಬರ್ಲಿಲ್ಲ. ಖರೇನ ಇರಬಹುದೇನೋ ಅನ್ನಿಸ್ತು. ಒಂದ್ ದಿನ ಸಂಜಿಕ ಮಳಿ ಬಂತಲ್ರಿ, ಎದಿಗೊಂದು ನ್ಯೂಸ್ ಪೇಪರ್ ಕಟ್ಕೊಂಡು, ತಲಿ ಮ್ಯಾಲ ಒಂದು ಇಟ್ಕೊಂಡು, ನಮ್ಮ ಪೀಜಿ ಟೆರೇಸ್ ಮ್ಯಾಲ ಈ ತುದಿಯಿಂದ ಆ ತುದಿಗೆ ನಡದೆ. ಆಮ್ಯಾಲ ಹೊಸಾ ಪೇಪರ್ ಕಟ್ಕೊಂಡು ಓಡಿದೆ. ಪೀಜಿ ಆಂಟಿ ನನ್ನ ತಲಿ ಕೆಟ್ಟೈತಿ ಅಂತ ನಮ್ಮ ಊರಿಗೆ ಫೋನ್ ಹಚ್ಚಿದ್ರು."

"ಆಮೇಲೆ?"

"ಪೇಪರೆಲ್ಲಾ ಪ್ಲಾಸ್ಟಿಕ್ ಚೀಲದಾಗ ಕಟ್ಕೊಂಡು ಲ್ಯಾಬಿಗೆ ಒಯ್ದು ತೂಕ ಮಾಡ್ದೆ. ಎದಿ ಮ್ಯಾಲಿನ ಪೇಪರ್ ಎರಡೂ ಸಲ ಹೆಚ್ಚೂಕಡಿಮಿ ಅಷ್ಟಽ ತೊಯ್ದಿತ್ರಿ. ಅಲ್ಲಿ ಅವರ ಮಾತು ಖರೆ. ಆದ್ರ ತಲಿ ಮ್ಯಾಲಿಂದು ಓಡಿದಾಗ ಭಾಳ ಕಡಿಮಿ. ಓಡಿದ್ರ ಮಳ್ಯಾಗ ಇರೂದಽ ಸ್ವಲ್ಪ ಹೊತ್ತಲ್ರಿ."

ನನಗೆ ಮತ್ತೆ ಅನುಮಾನ ಬಂತು.

"ನನಗೆ ಬೇಜಾರಾಗ್ಬಾರ್ದು ಅಂತ ಅರ್ಧ ಸರಿ ಅಂತಿದೀಯಾ?"

"ಇಲ್ರಿ ಅಕ್ಕಾರ. ಎರಡೂ ಕೂಡಿಸಿದ್ರ ಸೋತಾರ್ರಿ ಅವ್ರು."

"ನಿಜವಾಗ್ಲೂ?"

"ಪಕ್ಕಾ ಸೋತಾರ್ರಿ."

ತಮ್ಮ ಹೋದ ಮೇಲೆ ಅವನ ಬಗ್ಗೆ ಕೇಳಿದ ಮಾತುಗಳಲ್ಲಿ ನನಗೆ ಸಮಾಧಾನ ತಂದದ್ದು ಅದೊಂದೇ. ಯಾರೂ ಬರೀ ಆಟ ಆಡಿಸಲು ಎದೆಗೆ ಪೇಪರು ಕಟ್ಟಿಕೊಂಡು ಮಳೆಯಲ್ಲಿ ಓಡುವುದಿಲ್ಲ.

"ಇದನ್ನ ಗ್ರೂಪಲ್ಲಿ ಬರಿ," ಅಂದೆ.

"ಬ್ಯಾಡ್ರಿ, ನನ್ನ ಹೊರಗ ಹಾಕ್ತಾರ."

"ಹಾಕದ ಹಾಗೆ ನಾನು ಹೇಳ್ತೀನಿ."

ಮರುದಿನ ನಾನೇ ಟೈಪ್ ಮಾಡಿದೆ. 'ನಾನು ಇವರ ಅಕ್ಕ. ಮಳೆಯ ವಿಷಯ ಮುಗಿಸಬೇಡಿ. ಮೇಲೆ ಅಂಟಿಸಿರುವುದನ್ನು ತೆಗೆಯಿರಿ.' ಸತ್ತವನ ನಂಬರಿನಿಂದ ಮೆಸೇಜು ಬಂದದ್ದೇ ತಡ, ಗ್ರೂಪು ಕಲಕಿಹೋಯಿತು. "ಫೋನ್ ಕಳ್ಳರ ಕೈಗೆ ಸಿಕ್ಕಿದೆ." "ಯಾರೂ ಓಟಿಪಿ ಕೊಡಬೇಡಿ." ಮೇಷ್ಟ್ರು ಕೇಳಿದರು, "ತಾವು ಅವರ ಸಹೋದರಿ ಎಂಬುದಕ್ಕೆ ಪುರಾವೆ ಏನು?" ಆ ಗ್ರೂಪಿನಲ್ಲಿ ನಾನು ಮೆಚ್ಚಿದ ಮೊದಲ ಪ್ರಶ್ನೆ ಅದು. ಅವನ ವಾದಕ್ಕೂ ಇದೇ ಪುರಾವೆ ಕೇಳಬೇಕಿತ್ತಲ್ಲ.

ಕೆಂಗೇರಿಯವನು, "ಅವರು ಅಕ್ಕಾರೇ, ನಾ ಮಾತಾಡೀನಿ" ಎಂದು ನನ್ನ ಪರವಾಗಿ ಬರೆದ. ಅದು ಇನ್ನೂ ಕೆಟ್ಟಿತು. "ಸತ್ತವರ ಅಕ್ಕನ ವೇಷ ಹಾಕಿಸಿ ವಾದ ಗೆಲ್ಲೋಕೆ ನೋಡ್ತಿದ್ದೀರಾ? ನಾಚಿಕೆ ಆಗಬೇಕು" ಎಂದು ಒಬ್ಬರು ಅವನ ಮೇಲೆ ಹಾರಿದರು.

ಟೈಪ್ ಮಾಡಿದ್ದು ಸಾಕೆಂದು ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದೆ.

"ನಮಸ್ಕಾರ. ನಾನು ಕಳ್ಳಿ ಅಲ್ಲ. ಅವನು ಊಟಕ್ಕೆ ಕೂತ್ಕೊಂಡು ನೀವು ಬರೆದಿದ್ದೆಲ್ಲ ನನಗೆ ಓದಿ ಹೇಳ್ತಿದ್ದ. ಹೈಸ್ಕೂಲ್ ಪುಸ್ತಕ ನೋಡಿ ಅಂದೋರು, ನ್ಯೂಟನ್ ಎದ್ದು ಬರ್ತಾನೆ ಅಂದೋರು, ಎಲ್ಲಾರೂ ಗೊತ್ತು ನನಗೆ. ಬದುಕಿದ್ದಾಗ ನೀವು ಯಾರೂ ಅವನಿಗೆ ಸುಮ್ಮನೆ ಮಾರ್ಕ್ಸ್ ಕೊಡ್ಲಿಲ್ಲ. ಈಗ್ಲೂ ಕೊಡ್ಬೇಡಿ. ಕೆಂಗೇರಿ ಹುಡುಗ ಮಾಡಿ ನೋಡಿದಾನೆ, ಅವನು ಹೇಳೋದು ಕೇಳಿ. ನನ್ನ ತಮ್ಮನ ಕಡೆಯಿಂದ ಉತ್ತರ ಇರೋರು ಇದ್ರೆ ಹೇಳಿ. ಇಲ್ಲ ಅಂದ್ರೆ ಅವನು ಸೋತ ಅಂತ ಬರೀರಿ."

ತಪ್ಪು ಮಾಡಿದೆನೇನೋ ಎಂದು ಅಡುಗೆ ಮನೆಗೂ ಕಿಟಕಿಗೂ ಓಡಾಡಿದೆ. ಆಮೇಲೆ ಮೇಷ್ಟ್ರು, "ಕ್ಷಮೆ ಇರಲಿ ತಾಯಿ" ಎಂದು ಬರೆದು ಅಂಟಿಸಿದ್ದನ್ನು ತೆಗೆದರು. ಕೆಂಗೇರಿಯವನು ಪೇಪರು, ತೂಕ, ಟೆರೇಸು ಎಲ್ಲವನ್ನೂ ಉದ್ದಕ್ಕೆ ಬರೆದ. ಒಬ್ಬೊಬ್ಬರಾಗಿ "ನಮಗೆ ಮೊದಲೇ ಗೊತ್ತಿತ್ತು" ಎಂದು ಅವನ ಕಡೆ ಜಾರಿಕೊಂಡರು.

ಸಂಜೆ ಹೊತ್ತಿಗೆ ಬಾಪೂಜಿ ನಗರದವರೊಬ್ಬರು ಬರೆದರು. "ನಿಮ್ಮ ಲೆಕ್ಕದಲ್ಲಿ ಗಾಳಿ ಎಲ್ಲಿ ಹೋಯ್ತು? ಹಿಂದಿನಿಂದ ಗಾಳಿ ಬೀಸ್ತಾ ಇದ್ರೆ ಮಳೆಯೂ ನಮ್ಮ ಜೊತೆ ಮುಂದಕ್ಕೇ ಬರ್ತಿರುತ್ತೆ. ಆ ಗಾಳಿಗಿಂತ ಜೋರಾಗಿ ಓಡಿದ್ರೆ ನಾವೇ ಹೋಗಿ ಹನಿಗೆ ಬಡಿಯೋದು. ಆಗ ನಾಯಂಡಹಳ್ಳಿ ಸಾರ್ ಹೇಳಿದ್ದು ನಿಲ್ಲುತ್ತೆ."

ಇದೂ ಕನಿಕರವೇ ಇರಬೇಕು ಅಂದುಕೊಂಡೆ. ನನ್ನ ದನಿ ಕೇಳಿ ಪಾಪ ಅನ್ನಿಸಿ ಒಬ್ಬರು ಮುಂದೆ ಬಂದಿದ್ದಾರೆ. ಫೋನು ಕೆಳಗಿಡದೆ ನೋಡುತ್ತಾ ಕೂತೆ. ಕೆಂಗೇರಿಯವನು, "ಆ ಗಾಳಿ ಎಷ್ಟು ಸ್ಪೀಡ್ ಇರ್ತದ ಅಂತ ನಿಮಗ ಗೊತ್ತೈತೇನ್ರಿ?" ಎಂದ. ಅವರು, "ಟೆರೇಸಲ್ಲಿ ಒಂದು ಸಲ ಓಡಿ ವಿಜ್ಞಾನಿ ಆಗ್ಬಿಟ್ರಾ ಗುರು?" ಅಂದರು. ಇವನು, "ನೀವು ಸೋಫಾ ಮ್ಯಾಲ ಕುಂತು ಆಗೀರಲ್ಲ, ಹಂಗ." ಅವರು, "ಮೊದಲು ಬಾಯಿ ಬಿಗಿ ಹಿಡಿದು ಮಾತಾಡಿ." ಹಳದಿ ಮುಖಗಳು ಬರತೊಡಗಿದವು. ಕೈಮುಗಿದ ಚಿತ್ರ ಒಂದೂ ಇರಲಿಲ್ಲ.

ನಮ್ಮನೆಯವರು ಟೀವಿಯಿಂದ ತಲೆ ತಿರುಗಿಸಿ, "ಏನೇ ಅದು, ಅಷ್ಟೊತ್ತಿಂದ ಟಿಂಗ್ ಟಿಂಗ್ ಅಂತಿದೆ?" ಎಂದು ಕೇಳಿದರು.

"ಮಳೆ ಜಗಳ. ಮತ್ತೆ ಶುರು ಹಚ್ಕೊಂಡಿದಾರೆ."

"ಯಾರು ಗೆಲ್ತಿದಾರೆ?"

ಆ ಗಾಳಿಯ ಮಾತನ್ನು ಇನ್ನೊಂದು ಸಲ ಓದಿ ನೋಡಿದೆ.

"ಇನ್ನೂ ಗೊತ್ತಿಲ್ಲ," ಅಂದೆ. "ನನ್ನ ತಮ್ಮನೇ ಸೋಲೋ ಹಂಗೆ ಕಾಣ್ತಾನೆ."