ಅತ್ತೆ ಮುಟ್ಟದ ತಟ್ಟೆ ಇಡ್ಲಿ

ಕಳೆದ ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ನಾನು ನಾಲ್ಕು ಕಡೆ ತಿಂದೆ. ನಾಲ್ಕೂ ಕಡೆ ನನ್ನ ಎದುರಿಗೆ ಕಮಲತ್ತೆ ಕೂತಿದ್ದರು. ನಾಲ್ಕೂ ಕಡೆ ಅವರು ಒಂದು ಚೂರನ್ನೂ ಬಾಯಿಗೆ ಹಾಕಲಿಲ್ಲ.

ನನಗೆ ಕನಿಕರ ಬರಬೇಕಿತ್ತು ತಾನೇ? ಬಂದಿದ್ದು ಸಿಟ್ಟು.

ಯಾಕೆ ಅಂತ ಹೇಳುತ್ತೇನೆ. ಅರಸೀಕೆರೆಯಿಂದ ಬೇಲೂರಿನವರೆಗೆ ಎಲ್ಲಿ ಏನು ಚೆನ್ನಾಗಿ ಸಿಗುತ್ತದೆ ಅನ್ನುವ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿಕೊಂಡಿದ್ದೇನೆ. ನಮ್ಮ ಆಫೀಸಿಗೆ ಹೊರಗಿನವರು ಯಾರೇ ಬಂದರೂ ಶಿಲ್ಪ ನೋಡಲು ಗೈಡ್ ಹುಡುಕುತ್ತಾರೆ, ತಿಂಡಿಗೆ ನನ್ನನ್ನು ಕೇಳುತ್ತಾರೆ. (ಕೇಳದಿದ್ದರೂ ಹೇಳುತ್ತೇನೆ.) ಸಾಲದ್ದಕ್ಕೆ, ಹೋಟೆಲಿನಲ್ಲಿ ತಿಂದದ್ದನ್ನು ಮನೆಯಲ್ಲಿ ಮಾಡಿ ನೋಡುವ ಚಟ ಬೇರೆ. ನಾನು ಒಂದು ಸಾಂಬಾರು ಮಾಡಿದರೆ ಸಿಂಕಿನಲ್ಲಿ ಪಾತ್ರೆಗಳ ರಾಶಿ ಬೀಳುತ್ತದೆ. "ರುಚಿಯೇನೋ ಪರವಾಗಿಲ್ಲ ಕಣ್ರೀ, ಆದ್ರೆ ಇಷ್ಟು ಪಾತ್ರೆ ತೊಳೆಯೋ ಅಂಥದ್ದೇನಿಲ್ಲ" ಅನ್ನುವುದು ನನ್ನ ಹೆಂಡತಿ ವೀಣಾಳ ಖಾಯಂ ತೀರ್ಪು.

ಹೋದ ವರ್ಷ ಈ ಅಂಕಣ ಕೆಲವು ವಾರ ಬರಲಿಲ್ಲ, ನೆನಪಿದೆಯಾ? (ಇಲ್ಲ ಅಂದರೂ ಬೇಜಾರಿಲ್ಲ. ಸ್ವಲ್ಪ ಇದೆ.) ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ಆಗಿತ್ತು. ಹೊಯ್ಸಳರ ಸೀಮೆಯವನಲ್ಲವೇ, ನನ್ನ ಪಾಲಿನ ಕಲ್ಲಿನ ಕೆಲಸವನ್ನು ಹೊಟ್ಟೆಯೊಳಗೇ ಮಾಡಿಕೊಂಡಿದ್ದೆ. ಆಮೇಲೂ ಏನೇನೋ ತೊಂದರೆಯಾಗಿ ಗಂಜಿ ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆಗ ತಿಪಟೂರಿನಿಂದ ಬಂದು, ನಮ್ಮ ಮನೆಯಲ್ಲೇ ಇದ್ದು, ಚಮಚದಲ್ಲಿ ಗಂಜಿ ಕುಡಿಸಿದವರು ಈ ಕಮಲತ್ತೆ. ನಮ್ಮಪ್ಪನ ತಂಗಿ. ಎಪ್ಪತ್ತು ದಾಟಿದೆ. ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು. "ಬಾಯಿ ತೆಗಿ" ಎಂದರೆ ಈಗಲೂ ಎಂಥವನೂ ತೆಗೆಯಲೇಬೇಕು, ಅಂಥ ದನಿ.

ಶನಿವಾರ ಸಂಜೆ ಬಂದಿಳಿದ ಅತ್ತೆ ಒಂದೇ ಒಂದು ಮಾತು ಕೇಳಿದರು. "ನಾಳೆ ಬೇಲೂರಿಗೆ ಕರ್ಕೊಂಡ್ ಹೋಗೋ. ಚೆನ್ನಕೇಶವನ್ನ ನೋಡ್ಬೇಕು. ಮಧ್ಯಾಹ್ನ ಬಾಗಿಲು ಹಾಕೋದ್ರೊಳಗೆ ಸೇರಿಸಿಬಿಡು, ಇನ್ನೇನೂ ಬೇಡ."

ಆ "ಇನ್ನೇನೂ ಬೇಡ" ನನ್ನ ಕಿವಿಗೆ ಬೀಳಲೇ ಇಲ್ಲ. ದಾರಿಯಲ್ಲಿ ಎಲ್ಲೆಲ್ಲಿ ಕಾರು ನಿಲ್ಲಿಸಬೇಕು ಎಂದು ಆಗಲೇ ಲೆಕ್ಕ ಹಾಕುತ್ತಿದ್ದೆ. ರಾತ್ರಿಗೆ ನಾನೇ ಬಸ್ಸಾರು, ಮುದ್ದೆ ಮಾಡಿದೆ. ಅತ್ತೆ ಎರಡನೇ ಸಲ ಸಾರು ಹಾಕಿಸಿಕೊಂಡು ಉಂಡರು. ನಾನು ವೀಣಾಳ ಕಡೆ ಹುಬ್ಬು ಹಾರಿಸಿದೆ. ಅವಳು ಸಿಂಕಿನ ಕಡೆ ಕೈ ತೋರಿಸಿದಳು.

ಬೆಳಿಗ್ಗೆ ನಾವಿಬ್ಬರೇ ಹೊರಟೆವು. ವೀಣಾ ಬರಲಿಲ್ಲ. "ನಿಮ್ಮ ಜೊತೆ ದೇವಸ್ಥಾನಕ್ಕೆ ಹೊರಟ್ರೆ ಹೋಟೆಲ್ ನೋಡ್ಕೊಂಡು ವಾಪಸ್ ಬರ್ಬೇಕಾಗುತ್ತೆ" ಎಂದಳು. ಎಂಥ ಅನ್ಯಾಯದ ಮಾತು!

ಮೊದಲು ಅರಸೀಕೆರೆಯಲ್ಲೇ, ಬಸ್ ಸ್ಟ್ಯಾಂಡ್ ಹಿಂದಿನ ಪುಟ್ಟ ಹೋಟೆಲು. ತಟ್ಟೆ ಇಡ್ಲಿ, ಅದರ ಮೇಲೆ ಕಾಯಿಚಟ್ನಿ. ನಮ್ಮೂರಿನ ತೆಂಗಿನಕಾಯಿ, ಆಗತಾನೇ ರುಬ್ಬಿದ್ದು. ಬೇಡ ಅನ್ನುವವರುಂಟೇ?

ಅತ್ತೆ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ನೀನು ತಿನ್ನು ಮರಿ. ನಂದು ಕಟ್ಟಿಸ್ಕೋ, ಆಮೇಲೆ ನೋಡೋಣ."

ನನಗೆ ತಕ್ಷಣ ಅರ್ಥವಾಯಿತು. (ಇಂಥವೆಲ್ಲ ನನಗೆ ತಕ್ಷಣ ಅರ್ಥವಾಗುತ್ತವೆ.) ತಿಪಟೂರಿನವರ ಕೊಬ್ಬರಿ ಜಂಬ! ನಮ್ಮ ಕಾಯಿಯನ್ನು ಅವರು ಕಾಯಿ ಅಂತಲೇ ಲೆಕ್ಕಕ್ಕಿಟ್ಟಿಲ್ಲ. ಆಯಿತು, ನೋಡೇಬಿಡೋಣ ಎಂದುಕೊಂಡೆ.

ಜಾವಗಲ್ಲಿನಲ್ಲಿ ಉದ್ದಿನ ವಡೆ. ಹೊರಗೆ ಗರಿಗರಿ, ಒಳಗೆ ಹೂವು. ಅತ್ತೆ ಒಂದು ಗುಟುಕು ನೀರು ಕುಡಿದು, ಗಲ್ಲಕ್ಕೆ ಕೈಕೊಟ್ಟು, ನಾನು ತಿನ್ನುವುದನ್ನೇ ನೋಡುತ್ತಾ ಕೂತರು. "ಇನ್ನೊಂದು ಹಾಕಿಸ್ಕೋ" ಎಂದರು. ಹಾಕಿಸಿಕೊಂಡೆ. ಅವರದ್ದು ಪಾರ್ಸಲ್.

ಅಷ್ಟರಲ್ಲಿ ವೀಣಾ ಫೋನ್ ಮಾಡಿದಳು. "ಅತ್ತೆ ಬೆಳಿಗ್ಗೆ ಕಾಫಿನೂ ಮುಟ್ಟಿಲ್ಲ ಕಣ್ರೀ. ಏನಾದ್ರೂ ತಿಂದ್ರಾ?"

"ನೋಡಿದ್ಯಾ? ಆ ಕಾಫಿಪುಡಿ ಬದಲಾಯಿಸು ಅಂತ ಎಷ್ಟು ಸಲ ಬಡ್ಕೊಂಡಿದೀನಿ!" ಎಂದು ಫೋನ್ ಇಟ್ಟೆ. ಇಂಥ ಬುದ್ಧಿವಂತನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಹಳೇಬೀಡಿನಲ್ಲಿ ಬೆಣ್ಣೆ ದೋಸೆ. ಇಲ್ಲಿ ವಿಷಯ ಸ್ವಲ್ಪ ಗಂಭೀರವಾಯಿತು, ಯಾಕೆಂದರೆ ಹೋಟೆಲಿನವರು ನನಗೆ ಪರಿಚಯ. ಬರುವ ದಾರಿಯಲ್ಲೇ ಅತ್ತೆಗೆ ಈ ದೋಸೆಯ ಗುಣಗಾನ ಮಾಡಿದ್ದೆ. ಅದು ಅತ್ತೆಯ ಮುಂದೆ ಆರಿ ಮೆತ್ತಗಾಯಿತು. ಹೋಟೆಲಿನವರೇ ಎದ್ದು ಬಂದರು. "ಯಾಕಮ್ಮ, ದೋಸೆ ಸರಿ ಹೋಗ್ಲಿಲ್ವಾ?"

"ಅಯ್ಯೋ, ನೋಡಿದ್ರೇ ಗೊತ್ತಾಗುತ್ತೆ ಚೆನ್ನಾಗಿದೆ ಅಂತ. ಕಟ್ಟಿಕೊಡಿ" ಎಂದರು ಅತ್ತೆ. ದೋಸೆ ಯಾರಾದರೂ ಕಟ್ಟಿಸಿಕೊಳ್ಳುತ್ತಾರೆಯೇ? ನನಗೆ ತಲೆ ಎತ್ತಲಾಗಲಿಲ್ಲ. (ತಲೆ ತಗ್ಗಿಸಿಕೊಂಡೇ ನನ್ನದನ್ನು ಮುಗಿಸಿದೆ.)

ಆಗ ಹನ್ನೊಂದು ಗಂಟೆ. ಅಲ್ಲಿಂದ ನೇರ ಹೋಗಿದ್ದರೆ ಬೇಲೂರು ಅರ್ಧ ಗಂಟೆಯ ದಾರಿ. ಅತ್ತೆ ವಾಚ್ ನೋಡಿಕೊಂಡು, "ಹೊರಡೋಣ್ವೇನೋ?" ಎಂದರು. ಹೊರಟೆ. ಆದರೆ ಮಾದಿಹಳ್ಳಿ ಕಡೆಗೆ.

"ಬೇಲೂರು ಆ ಕಡೆ ಅಲ್ವೇನೋ?"

"ಐದೇ ನಿಮಿಷ ಅತ್ತೆ."

ಮಾದಿಹಳ್ಳಿ ಹತ್ತಿರ ಕೆಂಪಮ್ಮ ಅಂತ ಒಬ್ಬರಿದ್ದಾರೆ. ಹಸು ಸಾಕಿದ್ದಾರೆ, ನಮ್ಮ ಮನೆಗೆ ಬೆಣ್ಣೆ ಅವರದೇ. ಫೋನ್ ಮಾಡಿ ಹೋದರೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿ, ಮೇಲೆ ಬೆಣ್ಣೆ ಹಾಕಿ ಕೊಡುತ್ತಾರೆ. ಇದು ನನ್ನ ಕೊನೆಯ ಅಸ್ತ್ರ. ಇದನ್ನು ಬೇಡ ಅಂದವರು ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ. ಹುಟ್ಟಿ ಎಪ್ಪತ್ತು ವರ್ಷ ದಾಟಿ ನನ್ನ ಪಕ್ಕದಲ್ಲೇ ಕೂತಿದ್ದರು.

"ಬಿಸಿ ರೊಟ್ಟಿ ಐತೆ, ಒಂದ್ ಚೂರಾದ್ರೂ ತಿನ್ನಿ ಅವ್ವಾ" ಎಂದು ಕೆಂಪಮ್ಮ ಬೇಡಿಕೊಂಡರು.

"ಕಟ್ಟಿಕೊಡು ತಾಯಿ, ನಿನ್ನ ಕೈ ರೊಟ್ಟಿ ಬಿಡ್ತೀನಾ?" ಎಂದರು ಅತ್ತೆ. ಮತ್ತೆ ಗಲ್ಲಕ್ಕೆ ಕೈಕೊಟ್ಟು ನನ್ನ ತಟ್ಟೆಯನ್ನೇ ನೋಡುತ್ತಾ ಕೂತರು. ನಾನು ಮೂರು ರೊಟ್ಟಿ ತಿಂದೆ. ಎರಡು ಹಸಿವಿಗೆ, ಒಂದು ಸಿಟ್ಟಿಗೆ. ಐದು ನಿಮಿಷ ಅಂದದ್ದು ಒಂದು ಗಂಟೆಯಾಯಿತು.

ಕಾರು ಹತ್ತಿದ ಮೇಲೆ ತಡೆಯಲಾಗಲಿಲ್ಲ. "ತಿಪಟೂರಿನವರಿಗೆ ನಮ್ಮ ಕಡೇದು ಯಾವ್ದೂ ಹಿಡಿಸಲ್ಲ ಬಿಡಿ ಅತ್ತೆ" ಎಂದುಬಿಟ್ಟೆ. ಅವರು ನಕ್ಕರು. "ಇನ್ನೂ ಮೂರನೇ ಕ್ಲಾಸಿನ ಹುಡುಗನ ಸಿಟ್ಟು ಹೋಗಿಲ್ವಲ್ಲೋ ನಿಂಗೆ. ಸ್ವಲ್ಪ ಬೇಗ ಓಡಿಸು."

ಬೇಗ ಓಡಿಸಿದೆ. ಏನು ಬಂತು? ನಾವು ಬೇಲೂರು ಸೇರಿ ಒಳಗೆ ಹೋಗುವಷ್ಟರಲ್ಲಿ ಗರ್ಭಗುಡಿಯ ಬಾಗಿಲು ಹಾಕಿಯಾಗಿತ್ತು. ಇನ್ನು ತೆಗೆಯುವುದು ಎರಡೂವರೆಯ ಮೇಲೆ ಎಂದರು ಅಲ್ಲಿದ್ದವರು.

ಅತ್ತೆ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದು ನೆರಳಿನಲ್ಲಿ ಕೂತರು. ತುಟಿ ಒಣಗಿತ್ತು. ಬಿಸಿಲಿಗೆ ಸುಸ್ತಾಗಿದೆ ಎಂದುಕೊಂಡೆ.

"ಅಷ್ಟರಲ್ಲಿ ಊಟ ಮಾಡಿಬಿಡೋಣ ಬನ್ನಿ ಅತ್ತೆ, ಇಲ್ಲೊಂದು ಮೆಸ್ ಇದೆ."

"ನೀನು ಹೋಗಿ ಬಾ. ನಾನು ಇಲ್ಲೇ ಇರ್ತೀನಿ."

ಹೋಗಿ ಬಂದೆ. ನಾಲ್ಕು ಕಡೆ ತಿಂದೆ ಅಂದೆನಲ್ಲ, ಅದು ಸುಳ್ಳು. ಐದು. ಈ ಐದನೆಯದು ವೀಣಾಗೂ ಗೊತ್ತಿರಲಿಲ್ಲ, ಇದನ್ನು ಓದಿಯೇ ಗೊತ್ತಾಗಬೇಕು.

ಬಾಗಿಲು ತೆಗೆದ ಕೂಡಲೇ ಅತ್ತೆ ಎಲ್ಲರಿಗಿಂತ ಮುಂದೆ ಹೋಗಿ ನಿಂತರು. ಕಣ್ಣು ಮುಚ್ಚಿಕೊಳ್ಳಲಿಲ್ಲ, ಕೈಮುಗಿದು ದೇವರನ್ನು ದಿಟ್ಟಿಸಿ ನೋಡಿದರು. ತೀರ್ಥ ತೆಗೆದುಕೊಂಡರು. ಹೊರಗೆ ಬಂದು ಕಾರಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡು, "ಎಲ್ಲೋ ನನ್ನ ಪಾರ್ಸಲ್‌ಗಳು? ಕೊಡು ಇಲ್ಲಿ" ಎಂದರು.

ಆಮೇಲೆ ನೋಡಿದ್ದನ್ನು ನಾನು ಮರೆಯುವುದಿಲ್ಲ. ಮೆತ್ತಗಾದ ವಡೆ, ಚಕ್ಕಳದಂತಾದ ದೋಸೆ, ತಣ್ಣಗಿನ ರೊಟ್ಟಿ. ಬಿಡುವಿಲ್ಲದೆ ತಿಂದರು. ತಟ್ಟೆ ಇಡ್ಲಿ ಬಿಚ್ಚಿ, ಚಟ್ನಿ ಮೂಸಿ, "ಇದೊಂದು ಹಳಸಿದೆ. ಪಾಪ, ಬೆಳಿಗ್ಗೆ ಚೆನ್ನಾಗಿತ್ತೇನೋ" ಎಂದು ಪಕ್ಕಕ್ಕಿಟ್ಟು, ಬರೀ ಇಡ್ಲಿಯನ್ನೂ ತಿಂದರು.

ನನಗೆ ಆಗ ಹೊಳೆಯಿತು. ತಕ್ಷಣ ಅಲ್ಲ, ಎಂಟು ಗಂಟೆ ತಡವಾಗಿ.

"ಅತ್ತೆ, ಉಪವಾಸ ಇದ್ರಾ?"

"ಹೂಂ ಕಣೋ. ಹರಕೆ. ತೀರೋ ತನಕ ಯಾರ ಹತ್ರನೂ ಬಾಯಿ ಬಿಡಬಾರ್ದು ಅಂತ ನಮ್ಮಮ್ಮ ಹೇಳ್ತಿದ್ಲು."

"ಯಾರಿಗೋಸ್ಕರ ಹೊತ್ತಿದ್ದು?"

"ಇನ್ಯಾರಿಗೆ? ನಿಂಗೇ. ಹೋದ ವರ್ಷ ಗಂಜಿನೂ ದಕ್ತಿರಲಿಲ್ವಲ್ಲ. ಇವನು ಮೊದಲಿನ ಹಾಗೆ ಹೊಟ್ಟೆ ತುಂಬ ತಿನ್ನೋ ಹಾಗೆ ಮಾಡಪ್ಪ, ಖಾಲಿ ಹೊಟ್ಟೇಲಿ ಬಂದು ನಿನ್ನ ನೋಡ್ತೀನಿ ಅಂದ್ಕೊಂಡಿದ್ದೆ." ಅವರು ಕೈ ಒರೆಸಿಕೊಂಡು ನನ್ನ ಬೆನ್ನು ತಟ್ಟಿದರು. "ಬೆಳಿಗ್ಗೆಯಿಂದ ಕೂತು ಕಣ್ತುಂಬ ನೋಡಿದ್ನಲ್ಲೋ, ನೀನು ತಿನ್ನೋದನ್ನ. ಒಳಗೆ ಹೋದಾಗ ಕೇಳೋಕೆ ಏನೂ ಉಳಿದಿರಲಿಲ್ಲ. ಆಯ್ತಪ್ಪಾ ಅಂತ ಹೇಳಿ ಬಂದೆ, ಅಷ್ಟೇ."

ನನಗೆ ಅಳು ಬಂತು. ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು, ಐದು ಕಡೆ ತಿಂದು ಬಿಗಿದಿದ್ದ ಹೊಟ್ಟೆ ಇಟ್ಟುಕೊಂಡು ಅತ್ತುಬಿಟ್ಟೆ. (ನಗಬೇಡಿ.) ಅತ್ತೆ ತಮ್ಮ ಸೆರಗಿನಲ್ಲೇ ನನ್ನ ಮುಖ ಒರೆಸಿದರು. ಅದಕ್ಕೂ ಹುಚ್ಚೆಳ್ಳು ಚಟ್ನಿಯ ವಾಸನೆ.

ವಾಪಸ್ ಬರುವಾಗ ಎಲ್ಲೂ ಕಾರು ನಿಲ್ಲಿಸಲಿಲ್ಲ. ಮನೆಗೆ ಬಂದು ಅತ್ತೆಗೆ ಬಿಸಿ ಉಪ್ಪಿಟ್ಟು ಮಾಡಿದೆ, ಪಾತ್ರೆ ನಾನೇ ತೊಳೆದೆ. ವೀಣಾ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು.

ಬೆಳಿಗ್ಗೆಯಿಂದ ಊರೂರಲ್ಲಿ "ಯಾಕೆ, ಚೆನ್ನಾಗಿಲ್ವಾ?" ಅಂತ ಒಳಗೊಳಗೇ ಕುದ್ದವನಿಗೆ, ಒಂದು ಸಲ "ಹಸಿವಾಯ್ತಾ ಅತ್ತೆ?" ಅಂತ ಕೇಳೋಕೆ ಬಾಯಿ ಖಾಲಿ ಇರಬೇಕಿತ್ತಲ್ಲ?