ಸ್ವಲ್ಪ ಬಿಗಿ

ನನ್ನ ಸೋದರತ್ತೆ ಮೂವತ್ತೊಂದು ವರ್ಷ ಬೇರೆಯವರ ಉಡುಗೊರೆಗಳಿಗೆ ಕಾಗದ ಸುತ್ತಿದಳು. ದೊಡ್ಡ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಅವಳ ಮೇಜು. ಒಂದು ಪಕ್ಕ ಬಣ್ಣದ ಕಾಗದದ ಸುರುಳಿಗಳು, ಇನ್ನೊಂದು ಪಕ್ಕ ರಿಬ್ಬನ್, ನಡುವೆ ಹಿಡಿ ಸವೆದ ಕತ್ತರಿ. ಅಂಗಡಿಯವರು ಕೊಟ್ಟ ಟೇಪನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಮಡಿಕೆಯೊಳಗೆ ಮಡಿಕೆ ಸಿಕ್ಕಿಸಿ, ಕಾಗದ ತಾನೇ ತನ್ನನ್ನು ಹಿಡಿದುಕೊಳ್ಳುವಂತೆ ಮಾಡುತ್ತಿದ್ದಳು.

"ಟೇಪ್ ಹಾಕಿದ್ರೆ ಜನ ಹರಿದೇ ಹರೀತಾರೆ. ಹೀಗೆ ಮಾಡಿದ್ರೆ ಬಿಚ್ಚೋಕೆ ಒಂದು ನಿಮಿಷ ಯೋಚನೆ ಮಾಡ್ಬೇಕು," ಎನ್ನುತ್ತಿದ್ದಳು.

ಎಡಗೈಯವಳಾದ್ದರಿಂದ ಅವಳ ಕೊನೆಯ ಮಡಿಕೆ ಯಾವಾಗಲೂ ಎಡಕ್ಕೆ ತಿರುಗಿ ಒಳಗೆ ಹೋಗುತ್ತಿತ್ತು. ಅಂಗಡಿಯಲ್ಲಿ ಎಲ್ಲರಿಗೂ ಅವಳು ಎಡಚಿ. ಬಟ್ಟೆ ವಿಭಾಗದ ಮುದುಕ ಒಮ್ಮೆ, "ಎಡಚಿ, ನನ್ನ ಹೆಂಡತೀನೂ ಹೀಗೇ ಸುತ್ತಿ ಯಾರಿಗಾದ್ರೂ ಕೊಟ್ಟುಬಿಡ್ತೀಯಾ?" ಅಂದ. "ಸುತ್ತಬೇಕಾಗಿರೋದು ನಿಮ್ಮನ್ನ. ಆದ್ರೆ ಯಾರಿಗೆ ಕೊಟ್ರೂ ಮಾರನೇ ದಿನವೇ ಬದಲಾಯಿಸ್ಕೊಡಿ ಅಂತ ಬರ್ತಾರೆ," ಅಂದಳು ಅತ್ತೆ, ಕತ್ತರಿಯಿಂದ ಕಣ್ಣೆತ್ತದೆ.

ಅವಳು ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಪ್ರತಿ ಕ್ರಿಸ್‌ಮಸ್‌ಗೆ ನಮಗೆಲ್ಲ ಒಂದೊಂದು ಪೊಟ್ಟಣ ತರುತ್ತಿದ್ದಳು. ಒಳಗಿರುತ್ತಿದ್ದದ್ದು ಸಣ್ಣ ವಸ್ತುವೇ. ಆದರೆ ನಮ್ಮ ಮನೆಯಲ್ಲಿ ಕಾಗದ ಹರಿಯುವಂತಿರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಬಿಚ್ಚುತ್ತಿದ್ದರು. ಅಮ್ಮ ಕಾಗದಗಳನ್ನು ಅಂಗೈಯಿಂದ ತೀಡಿ ಹಾಸಿಗೆಯಡಿ ಇಡುತ್ತಿದ್ದಳು. ಒಂದು ವರ್ಷ ಅಪ್ಪನ ಮಫ್ಲರಿಗೆ ಬಂದ ನೀಲಿ ಕಾಗದ ಅತ್ತೆಯ ಕೈಗೆ ಮರಳಿ, ಮುಂದಿನ ವರ್ಷ ನನ್ನ ಬಣ್ಣದ ಪೆನ್ಸಿಲ್ಲುಗಳಿಗೆ ಬರುತ್ತಿತ್ತು. ಆ ಕಾಗದಗಳು ನನಗೆ ನೆಂಟರ ಹಾಗೆ ಗುರುತಿದ್ದವು. ಯಾವುದಕ್ಕೆ ಎಲ್ಲಿ ಸುಕ್ಕು, ಯಾವುದಕ್ಕೆ ಎಲ್ಲಿ ಚಹಾದ ಕಲೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ.

ನನಗೆ ಹತ್ತು ವರ್ಷವಾದಾಗ ಅತ್ತೆ ಹೊಸ ಕಾಗದ ತಂದಳು. ಕಡು ಹಸಿರು, ಅದರ ತುಂಬ ಬೆಳ್ಳಿಯ ಸಣ್ಣ ಎಲೆಗಳು. ಸುರುಳಿಯೊಂದರ ಕೊನೆಯ ತುಂಡನ್ನು ಕೇಳಿ ಪಡೆದು, ನನಗೆಂದೇ ಎಂಟು ತಿಂಗಳು ಎತ್ತಿಟ್ಟಿದ್ದಳಂತೆ. ಹಬ್ಬದ ಸಂಜೆಯವರೆಗೂ ಅಂಗಡಿಯಲ್ಲಿ ನಿಲ್ಲಬೇಕಾದ್ದರಿಂದ ನಾಲ್ಕು ದಿನ ಮೊದಲೇ ಕೊಟ್ಟಳು.

"ಕ್ರಿಸ್‌ಮಸ್‌ಗೆ ಮುಂಚೆ ಬಿಚ್ಚಿದ್ರೆ ಕೈ ಮುರೀತೀನಿ, ಪುಟ್ಟಿ."

ನಾನು ಬಿಚ್ಚಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ.

ರಜೆಗೆ ಮುಂಚಿನ ದಿನ ಶಾಲೆಯಲ್ಲಿ ಚೀಟಿ ಎತ್ತಿ ಉಡುಗೊರೆ ಕೊಡುವ ಆಟವಿತ್ತು. ನನ್ನ ಚೀಟಿಯಲ್ಲಿ ಡಾಕ್ಟರ ಮಗಳ ಹೆಸರು ಬಂದಿತ್ತು. ಅಮ್ಮ ಅಪ್ಪನ ಹಳೆಯ ಸ್ವೆಟರ್ ಬಿಚ್ಚಿ, ಆ ಉಣ್ಣೆಯಲ್ಲಿ ಬೂದು ಬಣ್ಣದ ಕಾಲುಚೀಲ ಹೆಣೆದುಕೊಟ್ಟಳು. ಅತ್ತೆಯ ಕಾಗದ ಮನೆಯಿಂದಾಚೆ ಹೋಗಬಾರದೆಂದು ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿದಳು. ಅದನ್ನು ಹಿಡಿದುಕೊಂಡು ತರಗತಿಯ ಮುಂದೆ ನಡೆದುಹೋಗುವುದನ್ನು ನೆನೆದೇ ನನ್ನ ಕಿವಿ ಬಿಸಿಯಾದವು. ಬೆಳಿಗ್ಗೆ ಕಾಲುಚೀಲವನ್ನು ಬೀರುವಿನ ಹಿಂದೆ ತುರುಕಿ, ಹಸಿರು ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡೆ.

ಡಾಕ್ಟರ ಮಗಳು ಅದನ್ನು ಒಂದೇ ಎಳೆತಕ್ಕೆ ಹರಿದಳು. ಆ ಸದ್ದು ಕೇಳಿ ನಾನು ಕಿಟಕಿಯ ಕಡೆ ತಿರುಗಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಒಳಗಿದ್ದ ರಟ್ಟಿನ ಡಬ್ಬಿಯನ್ನು ತೆರೆಯದೆ ಅವಳು ಚೀಲಕ್ಕೆ ತುಂಬಿಕೊಂಡು ಹೊರಟಳು. ಅದರಲ್ಲಿ ಏನಿತ್ತೆಂದು ನನಗೆ ಗೊತ್ತೇ ಆಗಲಿಲ್ಲ.

ಕ್ರಿಸ್‌ಮಸ್ ದಿನ ಅಮ್ಮ ಕೇಳಿದ್ದಕ್ಕೆ, "ಎತ್ತಿಟ್ಟಿದ್ದೀನಿ, ಆಮೇಲೆ ತೋರಿಸ್ತೀನಿ," ಎಂದು ಜಾರಿಕೊಂಡೆ. ಮಧ್ಯಾಹ್ನ ಕೆಳಗಿನ ಮನೆಯವರ ಫೋನಿಗೆ ಅಂಗಡಿಯಿಂದ ಅತ್ತೆಯ ಕರೆ ಬಂತು.

"ಬಿಚ್ಚಿದ್ಯಾ, ಪುಟ್ಟಿ?"

"ಹೂಂ, ಅತ್ತೆ."

"ಹೇಗಿದೆ?"

ಹಿಂದಿನ ವರ್ಷ ಟೋಪಿ, ಅದರ ಹಿಂದಿನ ವರ್ಷ ಸ್ವೆಟರ್ ಬಂದಿತ್ತು. ಈ ಸಲವೂ ಹಾಕಿಕೊಳ್ಳುವಂಥದ್ದೇ ಇರಬೇಕೆಂದು ಊಹಿಸಿದೆ. ಬರೀ ಚೆನ್ನಾಗಿದೆ ಎಂದರೆ ಸುಳ್ಳು ಗೊತ್ತಾಗುತ್ತದೆ ಎಂದು ಒಂದು ಮಾತು ಸೇರಿಸಿದೆ.

"ಚೆನ್ನಾಗಿದೆ. ಸ್ವಲ್ಪ ಬಿಗಿ."

"ಬಿಗಿನಾ?" ಅಂದಳು ಅತ್ತೆ. "ಹೊಸದರಲ್ಲಿ ಹಾಗೇ ಕಣೇ. ದಿನಾ ಎರಡು ಸಲ ತಿರುಗಿಸು, ಸಲೀಸಾಗುತ್ತೆ. ಜಾಸ್ತಿ ತಿರುಗಿಸಬೇಡ ಮತ್ತೆ, ಮುರಿದುಹೋದೀತು."

ದಿನಕ್ಕೆರಡು ಸಲ ತಿರುಗಿಸುವ ಟೋಪಿ ಯಾವುದು? ಜಾಸ್ತಿ ತಿರುಗಿಸಿದರೆ ಮುರಿಯುವ ಸ್ವೆಟರ್ ಎಲ್ಲಿದೆ? ಮೆಟ್ಟಿಲು ಹತ್ತುತ್ತಾ ತಲೆ ಕೆಡಿಸಿಕೊಂಡೆ. ಇದನ್ನು ಹೇಳುವಾಗ ಈಗ ನಗು ಬರುತ್ತದೆ. ಆ ನಗುವಿನ ಮೇಲೂ ನಾಚಿಕೆಯಾಗುತ್ತದೆ.

ಹತ್ತು ದಿನ ಕಳೆದು ಒಂದು ಶನಿವಾರ ಅಮ್ಮ ಅತ್ತೆಗೆಂದು ಊಟದ ಡಬ್ಬಿ ಕೊಟ್ಟು ನನ್ನನ್ನು ಅಂಗಡಿಗೆ ಕಳಿಸಿದಳು. ಅವಳ ಮೇಜಿನ ಹಿಂದಿನ ಸ್ಟೂಲಿನ ಮೇಲೆ ಕೂತು ರಿಬ್ಬನ್ ಸುತ್ತುತ್ತಿದ್ದೆ. ಡಾಕ್ಟರ ಹೆಂಡತಿ ಮಗಳ ಕೈ ಹಿಡಿದುಕೊಂಡು ಬಂದರು. ರಟ್ಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಇದು ನಿಮ್ಮ ಅಂಗಡೀದೇ ಅಲ್ವಾ? ಬದಲಾಯಿಸಿಕೊಡ್ತೀರಾ? ಮಗಳಿಗೆ ಸ್ಕೂಲಲ್ಲಿ ಯಾರೋ ಕೊಟ್ಟಿದ್ದು. ಮನೇಲಿ ಇಂಥವು ಮೂರಿವೆ."

ಅತ್ತೆ ಡಬ್ಬಿ ತೆರೆದಳು. ಅಂಗೈಯಷ್ಟು ದೊಡ್ಡ ಕೆಂಪು ಅಲಾರಂ ಗಡಿಯಾರ. ಬೆನ್ನಿಗೆ ಹಿತ್ತಾಳೆಯ ಕೀ. ದಿನವೂ ತಡವಾಗಿ ಹೋಗಿ ತರಗತಿಯ ಬಾಗಿಲಾಚೆ ನಿಲ್ಲುತ್ತಿದ್ದ ನನಗಾಗಿ ಹುಡುಕಿ ತಂದದ್ದು.

"ಅಮ್ಮಾ, ಕೊಟ್ಟಿದ್ದು ಇವಳೇ!" ಅಂದಳು ಡಾಕ್ಟರ ಮಗಳು, ನನ್ನ ಕಡೆ ಬೆರಳು ತೋರಿಸಿ.

"ಅಯ್ಯೋ, ನೀನಾ? ಬೇಜಾರು ಮಾಡ್ಕೋಬೇಡಮ್ಮ, ತುಂಬ ಚೆನ್ನಾಗಿದೆ," ಎಂದರು ಅವರು. ಪಾಪ, ಅವರು ಒಳ್ಳೆಯವರೇ.

ಅತ್ತೆ ಗಡಿಯಾರವನ್ನು ಕೈಯಲ್ಲಿ ಹಿಡಿದಿದ್ದಳು. ಎಡಗೈಯ ಎರಡು ಬೆರಳಿನಿಂದ ಕೀಯನ್ನು ಮೆಲ್ಲಗೆ ತಿರುಗಿಸಿದಳು. ಒಂದು ಸಲ. ಇನ್ನೊಂದು ಸಲ.

"ಬಿಗಿ ಏನಿಲ್ವಲ್ಲೇ," ಅಂದಳು, ನನ್ನನ್ನು ನೋಡದೆ.

ಆಮೇಲೆ ಚೀಟಿ ಬರೆದುಕೊಟ್ಟು, "ಎರಡನೇ ಮಹಡೀಲಿ ಬದಲಾಯಿಸಿಕೊಡ್ತಾರೆ, ಮೇಡಂ," ಎಂದಳು. ಅವಳ ದನಿಯಲ್ಲಿ ಒಂದು ಕೂದಲೆಳೆಯಷ್ಟೂ ಬದಲಾವಣೆ ಇರಲಿಲ್ಲ. ನಾನು ಸುತ್ತುತ್ತಿದ್ದ ರಿಬ್ಬನ್ ಬಿಚ್ಚಿಕೊಂಡು ನೆಲದ ಮೇಲೆ ಹರಿದಾಡಿತು. ಅತ್ತೆಯೇ ಬಗ್ಗಿ ಎತ್ತಿಕೊಂಡಳು.

ಮನೆಯಲ್ಲಿ ನನ್ನನ್ನು ಬಯ್ಯುತ್ತಾರೆಂದು ಕಾದೆ. ಮುಂದಿನ ವಾರ ಅಮ್ಮ ಮತ್ತೆ ಉಡುಗೊರೆಯ ಮಾತೆತ್ತಿದಾಗ ಅತ್ತೆಯೇ, "ಅದು ಕೆಟ್ಟುಹೋಗಿತ್ತು, ಅತ್ತಿಗೆ. ನಾನೇ ವಾಪಸ್ ತಗೊಂಡೆ," ಎಂದಳು. ನನಗಾಗಿ ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದಿನ ಕ್ರಿಸ್‌ಮಸ್‌ಗೆ ಅಪ್ಪನಿಗೂ ಅಮ್ಮನಿಗೂ ಪೊಟ್ಟಣ ಬಂತು. ನನಗೆ ಕಂಪಾಸ್ ಪೆಟ್ಟಿಗೆ, ಸುತ್ತದೆ ಹಾಗೇ. "ತಗೋ," ಅಂದಳು. ಅದರ ಮುಂದಿನ ವರ್ಷ ಕೊಡೆ. ಆಮೇಲೆ ಪೆನ್ನು. ಆಮೇಲೆ ಕಾಲೇಜಿಗೆ ಚೀಲ. ಯಾವುದಕ್ಕೂ ಕಾಗದವಿರಲಿಲ್ಲ. ಹುಡುಗಿ ದೊಡ್ಡವಳಾದಳು, ಅದಕ್ಕೇ ಎಂದುಕೊಂಡರು ಮನೆಯವರು. ಊರಿನವರಿಗೆಲ್ಲ ಸುತ್ತಿಕೊಡುವ ಕೈ ನನಗೊಬ್ಬಳಿಗೆ ಯಾಕೆ ಸುತ್ತುವುದಿಲ್ಲ ಎಂದು ನಾನು ಕೇಳಲಿಲ್ಲ. ಕ್ಷಮಿಸು ಎಂದೂ ಹೇಳಲಿಲ್ಲ. ಪ್ರತಿ ವರ್ಷ ಮಾತು ಗಂಟಲವರೆಗೆ ಬಂದು, ಊಟದ ಹೊತ್ತಿಗೆ ಇಳಿದುಹೋಗುತ್ತಿತ್ತು.

ಈಗ ನಾನು ಚಿಕ್ಕ ಊರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಅತ್ತೆ ಕೆಲಸ ಬಿಟ್ಟು ಮೂರು ವರ್ಷವಾಯಿತು. ಬೆರಳಿನ ಗಿಣ್ಣುಗಳು ಊದಿಕೊಂಡಿವೆ. ಕಳೆದ ಕ್ರಿಸ್‌ಮಸ್‌ಗೆ ಅವಳಿಗೆಂದು ಉಣ್ಣೆಯ ಕೈಗವಸು ಕೊಂಡೆ. ಟೇಪಿಲ್ಲದೆ ಸುತ್ತಲು ಆರು ಸಲ ನೋಡಿದೆ. ಆರು ಸಲವೂ ಕಾಗದ ಹೂವಿನಂತೆ ಅರಳಿಕೊಂಡಿತು. ಕೊನೆಗೆ ಮೂರು ಕಡೆ ಟೇಪ್ ಅಂಟಿಸಿದೆ.

ಅವಳ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅತ್ತೆ ಪೊಟ್ಟಣವನ್ನು ತಿರುಗಿಸಿ ನೋಡಿದಳು.

"ಟೇಪ್ ಹಾಕಿದ್ದೀಯ."

"ಬರಲಿಲ್ಲ, ಅತ್ತೆ." ಅಲ್ಲಿಗೇ ನಿಲ್ಲಿಸಬಹುದಿತ್ತು. "ಆ ಕೆಂಪು ಗಡಿಯಾರದ್ದು... ತಪ್ಪಾಯ್ತು. ಇಷ್ಟು ವರ್ಷ ಹೇಳಲಿಲ್ಲ."

ಅವಳು ಮರೆತಂತೆ ನಟಿಸಲಿಲ್ಲ.

"ಗಡಿಯಾರ ಹೋಗ್ಲಿ, ಅಂಗಡೀಲಿ ನೂರಿದ್ವು," ಅಂದಳು. ಪೊಟ್ಟಣದ ಮಡಿಕೆ ಸವರುತ್ತಾ, "ಆ ಹಸಿರು ಕಾಗದ ಏನಾಯ್ತೇ? ಆ ಹುಡುಗಿ ಬಿಚ್ಚಿದ್ಲಾ, ಹರಿದ್ಲಾ?"

ಇಪ್ಪತ್ತು ವರ್ಷದಿಂದ ಅವಳು ಇಟ್ಟುಕೊಂಡಿದ್ದ ಪ್ರಶ್ನೆ ಅದು. ಜೋಪಾನವಾಗಿ ಬಿಚ್ಚಿದಳು ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಹರಿದಳು, ಅತ್ತೆ. ಒಂದೇ ಸಲಕ್ಕೆ. ನಾನು ಅಲ್ಲೇ ಇದ್ದೆ."

"ಹೂಂ," ಅಂದಳು ಅತ್ತೆ.

ಆಮೇಲೆ ಟೇಪಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. ಊದಿದ ಬೆರಳು ಮತ್ತೆ ಮತ್ತೆ ಜಾರುತ್ತಿತ್ತು. ಕತ್ತರಿ ಕೊಡಲೇ ಎಂದೆ. ಬೇಡವೆಂದು ತಲೆಯಾಡಿಸಿದಳು. ಮೂರೂ ಟೇಪು ಬಿಟ್ಟುಕೊಳ್ಳಲು ತುಂಬ ಹೊತ್ತು ಬೇಕಾಯಿತು. ನಾನು ನೋಡುತ್ತಾ ಕೂತೆ; ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ. ಅವಳು ಕಾಗದವನ್ನು ತೊಡೆಯ ಮೇಲೆ ತೀಡಿ, ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು. ಕೈಗವಸನ್ನು ಎಡಗೈಗೆ ಏರಿಸಿ, ಬೆರಳು ಮಡಿಸಿ ಬಿಡಿಸಿ ನೋಡಿದಳು.

"ಚೆನ್ನಾಗಿದೆ," ಅಂದಳು. "ಸ್ವಲ್ಪ ಬಿಗಿ."